ಗುಡ್ಡದಲ್ಲಿ ಗಾಳಿಯಂತ್ರ, ಹೊಲದಲ್ಲಿ ಸೋಲಾರ್: ಕೆರೆ, ಬೋರ್‌ವೆಲ್ಲಿನ ನೀರಿಗೆ ಕಾವಲು ಹೇಗೆ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಒಂದು ಸಣ್ಣ ಊರು. ಊರ ಮೇಲಿನ ಗುಡ್ಡದಲ್ಲಿ ಫ್ಯಾನ್ ನಿಲ್ಲಿಸಲು ರಸ್ತೆ ಕಡಿಯುತ್ತಿದ್ದಾರೆ. ಕೆಳಗಿನ ಹೊಲಗಳನ್ನು ಗುತ್ತಿಗೆಗೆ ಪಡೆದ ಇನ್ನೊಂದು ಕಂಪನಿ 50 ಮೆಗಾವಾಟ್ ಸೋಲಾರ್ ಘಟಕವನ್ನೂ ಅದಕ್ಕೊಂದು ಸಬ್‌ಸ್ಟೇಷನ್ನನ್ನೂ ಕಟ್ಟಲಿದೆ. ಗುಡ್ಡದ ನೀರೇ ನಮ್ಮ ಕೆರೆಗೆ ಆಧಾರ, ಕೆರೆಯೇ ಅಡಿಕೆ ತೋಟದ ಬೋರ್‌ವೆಲ್‌ಗಳಿಗೆ ಆಧಾರ. ನೀರಿಗೆ ಏನೂ ಆಗುವುದಿಲ್ಲ ಎಂದು ಕಂಪನಿಯವರು ಹೇಳುತ್ತಾರೆ. ಮಗಳನ್ನು ಕೊಟ್ಟಿರುವ ಊರು ದಾವಣಗೆರೆ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಯ ಹತ್ತಿರವಿದ್ದು, ಅಲ್ಲಿನವರೂ ಇದೇ ಮಾತನ್ನು ಕೇಳಿದ್ದಾರಂತೆ. ಇಂಥ ಕಂಪನಿಗಳು ಸುತ್ತಲಿನ ನೀರನ್ನು ಕಾಪಾಡಲು ನಿಜವಾಗಿ ಏನು ಮಾಡಬೇಕು? ಮಾಡುತ್ತಿವೆಯೋ ಇಲ್ಲವೋ ಎಂದು ನಾವು ತಿಳಿಯುವುದು ಹೇಗೆ?

ಉತ್ತರ: ಕಂಪನಿಯವರ ಮಾತಿನಲ್ಲಿ ಅರ್ಧ ನಿಜವಿದೆ. ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುವ ಸ್ಥಾವರಕ್ಕೆ ನೀರಿಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಹಬೆ ತಣಿಸುವುದಕ್ಕೆ, ಬೂದಿ ಸಾಗಿಸುವುದಕ್ಕೆ ಅಲ್ಲಿ ನೀರು ಬೇಕು. ಅದಕ್ಕಾಗಿಯೇ ಕೇಂದ್ರ ಪರಿಸರ ಸಚಿವಾಲಯವು 2015ರ ಡಿಸೆಂಬರ್‌ನಲ್ಲಿ ಉಷ್ಣ ವಿದ್ಯುತ್ ಸ್ಥಾವರಗಳ ನೀರಿನ ಬಳಕೆಗೆ ಮಿತಿ ಹಾಕಿತು. ಕೂಲಿಂಗ್ ಟವರ್ ಇರುವ ಹಳೆಯ ಸ್ಥಾವರಗಳು ಒಂದು ಮೆಗಾವಾಟ್ ಗಂಟೆಗೆ 3.5 ಘನ ಮೀಟರ್ ಮೀರಬಾರದು, ಅಂದರೆ ನಿಮ್ಮ ಮೀಟರಿನ ಒಂದು ಯೂನಿಟ್ಟಿಗೆ ಮೂರೂವರೆ ಲೀಟರ್. ಹೊಸ ಸ್ಥಾವರಗಳಿಗೆ ಮಿತಿ ಇನ್ನೂ ಬಿಗಿ, ಜೊತೆಗೆ ತ್ಯಾಜ್ಯನೀರನ್ನು ಒಂದು ಹನಿಯೂ ಹೊರಗೆ ಬಿಡಬಾರದು. ಬಳ್ಳಾರಿ ಬಳಿಯ ಕುಡತಿನಿ, ರಾಯಚೂರಿನ ಸ್ಥಾವರಗಳ ಸುತ್ತ ನೀರಿನ ಚರ್ಚೆ ನಡೆಯುವುದು ಈ ಚೌಕಟ್ಟಿನಲ್ಲಿ. ಗಾಳಿಯಂತ್ರಕ್ಕಾಗಲೀ ಸೋಲಾರ್ ಫಲಕಕ್ಕಾಗಲೀ ವಿದ್ಯುತ್ ತಯಾರಿಸಲು ನೀರು ಬೇಡ. ಅವುಗಳಿಂದ ಬೂದಿಯೂ ಇಲ್ಲ, ತ್ಯಾಜ್ಯನೀರಿನ ಕಾಲುವೆಯೂ ಇಲ್ಲ.

ಉಳಿದ ಅರ್ಧವನ್ನು ಅವರು ಹೇಳುತ್ತಿಲ್ಲ. ನಿಮ್ಮ ಊರಿನಲ್ಲಿ ಅಪಾಯವಿರುವುದು ವಿಷದ ರೂಪದಲ್ಲಿ ಅಲ್ಲ. ಮಳೆನೀರು ಕೆರೆಗೆ ಬರುವ ದಾರಿ ಬದಲಾಗುವುದು, ಆ ನೀರಿನ ಜೊತೆ ಮಣ್ಣು ಬರುವುದು, ಫಲಕ ತೊಳೆಯಲು ಅಂತರ್ಜಲ ಎತ್ತುವುದು, ಟ್ರಾನ್ಸ್‌ಫಾರ್ಮರ್ ಎಣ್ಣೆ ಸೋರುವುದು, ಇವೇ ಅಲ್ಲಿನ ನಿಜವಾದ ಸಂಗತಿಗಳು. ಇವೆಲ್ಲವನ್ನೂ ತಡೆಯಬಹುದು. ಆದರೆ ತಡೆಯುವಂತೆ ಕಂಪನಿಯನ್ನು ಕೇಳುವ ಸರ್ಕಾರಿ ವ್ಯವಸ್ಥೆ ಇಲ್ಲಿ ಬಹಳ ತೆಳುವಾಗಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2016ರಲ್ಲಿ ಗಾಳಿ ಮತ್ತು ಸೋಲಾರ್ ವಿದ್ಯುತ್ತನ್ನು ಮಾಲಿನ್ಯ ತೀರಾ ಕಡಿಮೆಯಿರುವ ಉದ್ಯಮಗಳ ಬಿಳಿ ವರ್ಗಕ್ಕೆ ಸೇರಿಸಿದ್ದರಿಂದ, ಒಂದು ಸಕ್ಕರೆ ಕಾರ್ಖಾನೆ ಪಡೆಯಬೇಕಾದ ಸ್ಥಾಪನಾ ಸಮ್ಮತಿ, ಚಾಲನಾ ಸಮ್ಮತಿಗಳನ್ನು ಇವು ಪಡೆಯಬೇಕಾಗಿಲ್ಲ; ಮಂಡಳಿಗೆ ತಿಳಿಸಿದರೆ ಸಾಕು. ಪರಿಸರ ಪರಿಣಾಮ ಅಧ್ಯಯನವೂ ಕಡ್ಡಾಯವಲ್ಲ. ಹೊಗೆ ಉಗುಳದ ಉದ್ಯಮಕ್ಕೆ ಕಾಗದಪತ್ರದ ಹೊರೆ ಕಡಿಮೆ ಮಾಡಿದ್ದು ಸರಿಯೇ. ಆದರೆ ನಮ್ಮಂಥ ಮಳೆ ಕಡಿಮೆಯಿರುವ, ಕೆರೆಯನ್ನೇ ನಂಬಿದ ಜಿಲ್ಲೆಯಲ್ಲಿ ನೀರಿನ ವಿಷಯವನ್ನು ಯಾರೂ ಮೊದಲೇ ಕೂತು ನೋಡುವುದಿಲ್ಲ ಎಂಬುದು ಅದರ ಪರಿಣಾಮವಾಗಿದೆ. ಆದ್ದರಿಂದ ನೋಡುವ ಕೆಲಸ ಊರಿನವರ ಮೇಲೆಯೇ ಹೆಚ್ಚು ಬಿದ್ದಿದೆ.

ಮೊದಲು ಗುಡ್ಡದ ರಸ್ತೆಯನ್ನು ನೋಡೋಣ, ಏಕೆಂದರೆ ನಿಮ್ಮಲ್ಲಿ ಆ ಕೆಲಸ ಈಗಾಗಲೇ ಶುರುವಾಗಿದೆ. ಗಾಳಿಯಂತ್ರದ ಒಂದು ರೆಕ್ಕೆಯೇ ಐವತ್ತು, ಅರವತ್ತು ಮೀಟರ್ ಉದ್ದವಿರುತ್ತದೆ. ಅದನ್ನು ಹೊತ್ತ ಲಾರಿ ತಿರುಗಬೇಕಾದರೆ ರಸ್ತೆ ಅಗಲವಾಗಿರಬೇಕು, ತಿರುವುಗಳು ಇನ್ನೂ ಅಗಲವಾಗಿರಬೇಕು, ಏರು ಕಡಿದಾಗಿರಬಾರದು. ಹೀಗಾಗಿ ಗುಡ್ಡದ ಮಗ್ಗುಲನ್ನು ದೂರದವರೆಗೆ ಕಡಿಯುತ್ತಾರೆ, ಕಡಿದ ಮಣ್ಣನ್ನು ಸುಲಭವೆಂದು ಇಳಿಜಾರಿನ ಕೆಳಗೇ ತಳ್ಳುತ್ತಾರೆ. ನಮ್ಮ ಗುಡ್ಡಗಳ ಮೇಲ್ಮಣ್ಣು ತೆಳು. ಹುಲ್ಲು, ಕುರುಚಲು ಗಿಡಗಳ ಬೇರು ಹಿಡಿದಿರುವವರೆಗೆ ಮಾತ್ರ ಅದು ನಿಲ್ಲುತ್ತದೆ. ವರ್ಷದ ಮಳೆ ಕಡಿಮೆಯಿದ್ದರೂ ಅದರ ದೊಡ್ಡ ಪಾಲು ಕೆಲವೇ ಜೋರು ಮಳೆಗಳಲ್ಲಿ, ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸುರಿಯುತ್ತದೆ. ಅಂಥ ಒಂದು ರಾತ್ರಿಯ ಮಳೆಯಲ್ಲಿ ಸಡಿಲ ಮಣ್ಣು ಹಳ್ಳ ಹಿಡಿದು ಕೆರೆಯ ಅಂಗಳಕ್ಕೆ ಬಂದು ಕೂರುತ್ತದೆ. ಹೂಳು ಕೆರೆಯ ಸಾಮರ್ಥ್ಯವನ್ನು ಕಡಿಮೆ ಮಾಡುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಸೂಕ್ಷ್ಮವಾದ ನಷ್ಟವೆಂದರೆ, ನಯವಾದ ಹೂಳು ಕೆರೆಯ ತಳದ ಸಂದುಗಳನ್ನು ಮುಚ್ಚಿ ನೀರು ಇಂಗುವುದನ್ನೇ ನಿಧಾನಗೊಳಿಸುತ್ತದೆ. ಆಗ ಕೆರೆ ತುಂಬಿ ಕಂಡರೂ ಕೆಳಗಿನ ತೋಟದ ಬೋರ್‌ವೆಲ್ ಏರುವುದಿಲ್ಲ.

ಇದನ್ನು ತಡೆಯುವ ಕೆಲಸಗಳು ಯಾವುವೂ ದುಬಾರಿಯಲ್ಲ. ಕಡಿದ ಮಣ್ಣನ್ನು ಇಳಿಜಾರಿಗೆ ತಳ್ಳದೆ ಗೊತ್ತುಪಡಿಸಿದ ಜಾಗದಲ್ಲಿ ರಾಶಿ ಹಾಕಿ, ಅದರ ಬುಡಕ್ಕೆ ಒಣಕಲ್ಲಿನ ಗೋಡೆ ಕಟ್ಟಬೇಕು. ರಸ್ತೆಯ ಒಳಬದಿಗೆ ಚರಂಡಿ ತೆಗೆದು, ಆ ನೀರನ್ನು ಒಂದೇ ಕಡೆ ಸುರಿಯದೆ ಸಹಜ ಹಳ್ಳಗಳು ದಾಟುವಲ್ಲೆಲ್ಲ ಮೋರಿ ಇಟ್ಟು ಹಂಚಬೇಕು. ಮೋರಿಯ ಬಾಯಿಗೆ ದಪ್ಪ ಕಲ್ಲು ಹಾಸದಿದ್ದರೆ ನೀರು ಬಿದ್ದಲ್ಲೇ ಕೊರಕಲು ಬೀಳುತ್ತದೆ. ಹಳ್ಳದ ಉದ್ದಕ್ಕೂ ಕಲ್ಲಿನ ತಡೆಗಳು, ಕೆರೆಗೆ ಸೇರುವ ಮೊದಲು ಒಂದು ಹೂಳುಗುಂಡಿ, ಬೋಳಾದ ಮಗ್ಗುಲಿಗೆ ಲಾವಂಚ ಅಥವಾ ಸ್ಥಳೀಯ ಹುಲ್ಲು ಇರಬೇಕು. ಇವೆಲ್ಲ ಮಳೆಗಾಲಕ್ಕೆ ಮೊದಲೇ ಮುಗಿಯಬೇಕು; ಹೂಳುಗುಂಡಿಯನ್ನು ಪ್ರತಿ ದೊಡ್ಡ ಮಳೆಯ ನಂತರ ಬಳಿದು ತೆಗೆಯಬೇಕು. ಕಟ್ಟಿ ಬಿಟ್ಟುಹೋದ ಹೂಳುಗುಂಡಿ ಎರಡನೆಯ ಮಳೆಗೆ ತುಂಬಿ, ಮೂರನೆಯದಕ್ಕೆ ಇದ್ದೂ ಇಲ್ಲದಂತಾಗುತ್ತದೆ. ಗುಡ್ಡವು ಅರಣ್ಯ ಭೂಮಿಯಾಗಿದ್ದರೆ ನಿಮ್ಮ ಕೈ ಸ್ವಲ್ಪ ಬಲವಾಗಿದೆ: 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿಗೆ ಷರತ್ತುಗಳಿರುತ್ತವೆ, ಮಣ್ಣು ಮತ್ತು ತೇವಾಂಶ ಸಂರಕ್ಷಣೆಯ ಕೆಲಸಗಳು ಸಾಮಾನ್ಯವಾಗಿ ಅವುಗಳಲ್ಲಿ ಸೇರಿರುತ್ತವೆ. ಆ ಅನುಮತಿ ಪತ್ರದ ಪ್ರತಿಯನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿ ಪಡೆಯಿರಿ.

ಗಾಳಿಯಂತ್ರದ ಅಡಿಪಾಯದ ಬಗ್ಗೆ ಅನೇಕರಿಗೆ ಭಯವಿದೆ. ಸಾಮಾನ್ಯವಾಗಿ ಅದು ಇಪ್ಪತ್ತು ಮೀಟರ್ ಆಸುಪಾಸು ಅಗಲದ, ಮೂರು ಮೀಟರ್ ಆಸುಪಾಸು ಆಳದ ಕಾಂಕ್ರೀಟ್ ತಳ. ನೂರಾರು ಅಡಿ ಕೆಳಗಿನ ಬಂಡೆಯ ಬಿರುಕುಗಳಿಂದ ನೀರು ಪಡೆಯುವ ನಿಮ್ಮ ಬೋರ್‌ವೆಲ್ಲನ್ನು ಅದು ಕತ್ತರಿಸುವುದಿಲ್ಲ. ಗಮನಿಸಬೇಕಾದದ್ದು ಬೇರೆ. ಗುಡ್ಡದ ಬುಡದಲ್ಲಿ ಒರತೆಯೋ ಹಳೆಯ ತೆರೆದ ಬಾವಿಯೋ ಇದ್ದರೆ ಹತ್ತಿರದಲ್ಲಿ ಸಿಡಿಮದ್ದು ಬಳಸದಂತೆ ಕೇಳಿಕೊಳ್ಳಿ. ಕಾಂಕ್ರೀಟ್ ಲಾರಿ ಮತ್ತು ಮಿಕ್ಸರ್‌ಗಳನ್ನು ತೊಳೆದ ನೀರು ತೀರಾ ಕ್ಷಾರ, ಅದರ ಪಿಎಚ್ 12ರವರೆಗೂ ಹೋಗುತ್ತದೆ. ಅದು ಹಳ್ಳಕ್ಕೆ ಹರಿದರೆ ಮೀನು ಸಾಯುತ್ತದೆ. ಆ ನೀರಿಗೆ ಪ್ಲಾಸ್ಟಿಕ್ ಹಾಸಿದ ಗುಂಡಿ ತೋಡಿಸಬೇಕು. ಯಂತ್ರದ ತಲೆಯಲ್ಲಿರುವ ಗೇರ್‌ಬಾಕ್ಸಿನಲ್ಲಿ ಕೆಲವು ನೂರು ಲೀಟರ್ ಎಣ್ಣೆಯಿದ್ದು, ಕೆಲವು ವರ್ಷಗಳಿಗೊಮ್ಮೆ ಅದನ್ನು ಬದಲಿಸುತ್ತಾರೆ. ಹಳೆಯ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅಧಿಕೃತ ಮರುಸಂಸ್ಕರಣೆದಾರರಿಗೇ ಕೊಡಬೇಕು. ಊರಿನ ಯಾರಾದರೂ ಒಂದು ಡ್ರಮ್ಮು ಕಡಿಮೆ ಬೆಲೆಗೆ ಕೊಂಡುಕೊಂಡರೆ ನಿಯಮ ಅಲ್ಲೇ ಮುರಿದಂತೆ, ಹಾಗಾಗಿ ಈ ವಿಷಯದಲ್ಲಿ ಊರಿನವರೂ ಎಚ್ಚರವಾಗಿರಬೇಕು.

ಎಣ್ಣೆಯ ದೊಡ್ಡ ಸಂಗ್ರಹವಿರುವುದು ಸಬ್‌ಸ್ಟೇಷನ್ನಿನಲ್ಲಿ. ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್ ಒಂದರಲ್ಲಿ ಹತ್ತಾರು ಸಾವಿರ ಲೀಟರ್ ಎಣ್ಣೆ ಇರಬಲ್ಲದು. ಅದಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಎಣ್ಣೆಗುಂಡಿಯನ್ನು ಕಡ್ಡಾಯ ಮಾಡಿವೆ. ಟ್ರಾನ್ಸ್‌ಫಾರ್ಮರಿನ ಕೆಳಗೆ ಸುತ್ತಲೂ ಕಾಂಕ್ರೀಟ್ ತೊಟ್ಟಿ, ತೊಟ್ಟಿಯ ಮೇಲೆ ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ಮುಷ್ಟಿಗಾತ್ರದ ಕಲ್ಲುಗಳು. ಟ್ಯಾಂಕ್ ಒಡೆದು ಉರಿಯುವ ಎಣ್ಣೆ ಸುರಿದರೆ ಕಲ್ಲುಗಳ ನಡುವೆ ಗಾಳಿ ಸಿಗದೆ ಬೆಂಕಿ ಆರಿ, ಎಣ್ಣೆ ಕೆಳಗಿಳಿದು ಕೊಳವೆಯ ಮೂಲಕ ದೂರದ ಇನ್ನೊಂದು ದೊಡ್ಡ ಗುಂಡಿಗೆ ಸೇರುತ್ತದೆ. ನಾನು ನೋಡಿದ ಒಂದು ಸಬ್‌ಸ್ಟೇಷನ್ನಿನಲ್ಲಿ ಇದೆಲ್ಲವೂ ನಕ್ಷೆಯಂತೆಯೇ ಇತ್ತು, ಆದರೆ ಕಲ್ಲುಗಳ ಮೇಲೆ ಹುಲ್ಲು ಬೆಳೆದಿತ್ತು, ಸಂದುಗಳಲ್ಲಿ ಮಣ್ಣು ಗಟ್ಟಿಯಾಗಿತ್ತು, ದೂರದ ಗುಂಡಿಯ ಮುಚ್ಚಳ ತೆಗೆದರೆ ಒಳಗೆ ಅಂಚಿನವರೆಗೆ ಮಳೆನೀರು ನಿಂತಿತ್ತು. ಆ ದಿನ ಟ್ರಾನ್ಸ್‌ಫಾರ್ಮರ್ ಒಡೆದಿದ್ದರೆ, ಎಣ್ಣೆ ನೀರಿಗಿಂತ ಹಗುರವಾದ್ದರಿಂದ, ಗುಂಡಿಯೊಳಗೆ ಜಾಗ ಸಿಗದೆ ನೇರವಾಗಿ ಕಾಂಪೌಂಡಿನ ಮಳೆ ಚರಂಡಿಗೆ ಹರಿಯುತ್ತಿತ್ತು. ಗುಂಡಿಯಿದೆಯೇ ಎಂದು ಕೇಳುವುದಕ್ಕಿಂತ ಮಳೆ ನಿಂತ ಮರುದಿನ ಗುಂಡಿ ಖಾಲಿಯಿದೆಯೇ, ಪಂಪು ನಡೆಯುತ್ತದೆಯೇ, ಹೊರಹಾಕುವ ನೀರಿನ ಮೇಲೆ ಎಣ್ಣೆಯ ಹೊಳಪಿದೆಯೇ ಎಂದು ಕೇಳಿ. ಕಾಂಪೌಂಡಿನ ಚರಂಡಿ ಹಳ್ಳ ಸೇರುವ ಜಾಗದಲ್ಲಿ ಎಣ್ಣೆ ಬೇರ್ಪಡಿಸುವ ತೊಟ್ಟಿಯೊಂದು ಇರಲೇಬೇಕೆಂದು ನಾನು ಒತ್ತಾಯಿಸುತ್ತೇನೆ. ಸೋಲಾರ್ ಘಟಕದೊಳಗೆ ಅಲ್ಲಲ್ಲಿ ನಿಲ್ಲುವ ಚಿಕ್ಕ ಟ್ರಾನ್ಸ್‌ಫಾರ್ಮರ್‌ಗಳಿಗೂ, ಡೀಸೆಲ್ ಟ್ಯಾಂಕಿಗೂ, ಅವುಗಳೊಳಗಿನ ಪೂರ್ತಿ ಎಣ್ಣೆಯನ್ನು ಹಿಡಿದು ಇನ್ನೂ ಸ್ವಲ್ಪ ಜಾಗ ಉಳಿಯುವಷ್ಟು ಎತ್ತರದ ಕಟ್ಟೆ ಸುತ್ತಲೂ ಬೇಕು.

ಇನ್ನು ಫಲಕ ತೊಳೆಯುವ ನೀರು. ಲೆಕ್ಕ ಹಾಕಿ ನೋಡಿ. 550 ವಾಟಿನ ಫಲಕಗಳಾದರೆ ಒಂದು ಮೆಗಾವಾಟಿಗೆ ಸುಮಾರು 1,800 ಬೇಕಾಗುತ್ತವೆ. ಒಂದು ಫಲಕಕ್ಕೆ ಎರಡು ಲೀಟರ್ ಎಂದರೂ ಒಮ್ಮೆ ತೊಳೆಯಲು 3,600 ಲೀಟರ್. ತಿಂಗಳಿಗೆ ಎರಡು ಬಾರಿ ತೊಳೆದರೆ 7,200 ಲೀಟರ್. ನಿಮ್ಮ 50 ಮೆಗಾವಾಟ್ ಘಟಕಕ್ಕೆ ತಿಂಗಳಿಗೆ 3,60,000 ಲೀಟರ್, ಅಂದರೆ 5,000 ಲೀಟರಿನ 72 ಟ್ಯಾಂಕರ್. ಜಲಜೀವನ ಯೋಜನೆಯ ಅಳತೆಯಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದುಕೊಂಡರೆ, ಇದು ಇನ್ನೂರಕ್ಕೂ ಹೆಚ್ಚು ಜನರ ತಿಂಗಳ ಮನೆಬಳಕೆಯ ನೀರು. ಊರಿನ ಅಡಿಕೆ ತೋಟಗಳಿಗೆ ಹರಿಸುವ ನೀರಿಗೆ ಹೋಲಿಸಿದರೆ ಇದು ದೊಡ್ಡದಲ್ಲ, ಕಂಪನಿಯವರು ಆ ಹೋಲಿಕೆಯನ್ನು ಮಾಡಿದರೆ ಅದರಲ್ಲಿ ತಪ್ಪಿಲ್ಲ. ಆದರೆ ಫಲಕ ಹೆಚ್ಚು ತೊಳೆಯುವುದು ಧೂಳಿನ ಕಾಲದಲ್ಲಿ, ಜನವರಿಯಿಂದ ಮೇ ತಿಂಗಳವರೆಗೆ. ಊರಿನ ಬೋರ್‌ವೆಲ್‌ಗಳು ಕೈಕೊಡುವುದೂ ಆಗಲೇ. ಚಿತ್ರದುರ್ಗ ಜಿಲ್ಲೆಯ ಹಲವು ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ ಎಂಬುದನ್ನೂ ಮರೆಯಬಾರದು.

ಈ ನೀರಿನ ಜೊತೆ ಇನ್ನೊಂದು ತೊಡಕಿದೆ, ನಮ್ಮ ಭಾಗಕ್ಕೆ ಅದು ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿನ ಬೋರ್‌ವೆಲ್ ನೀರು ಗಡಸು. ಹಾಗೇ ತೊಳೆದರೆ ಗಾಜಿನ ಮೇಲೆ ಬಿಳಿ ಕಲೆ ಕೂರುವುದರಿಂದ ಕೆಲವು ಘಟಕಗಳು ನೀರಿನ ಲವಣ ಸೋಸುವ ಆರ್‌ಒ ಯಂತ್ರ ಹಾಕಿಕೊಳ್ಳುತ್ತವೆ. ಯಂತ್ರಕ್ಕೆ ಹೋದ ನೀರಿನಲ್ಲಿ ಅರ್ಧ ಶುದ್ಧವಾಗಿ ಅರ್ಧ ಹೊರಬಿದ್ದರೆ, ಮೇಲೆ ಹೇಳಿದ 3,60,000 ಲೀಟರಿಗಾಗಿ ಅದರ ಎರಡರಷ್ಟು ನೀರು ಎತ್ತಬೇಕಾಗುತ್ತದೆ. ಹೊರಬಿದ್ದ ಅರ್ಧದಲ್ಲಿ ಲವಣವೂ ಫ್ಲೋರೈಡೂ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. 1.5 ಇರುವ ನೀರು ಯಂತ್ರದೊಳಗೆ ಹೋದರೆ ಹೊರಬೀಳುವ ನೀರಿನಲ್ಲಿ ಸುಮಾರು 3 ಇರುತ್ತದೆ. ಅದನ್ನು ಇಂಗುಗುಂಡಿಗೆ ಬಿಟ್ಟರೆ ಹೊರನೋಟಕ್ಕೆ ನೀರು ಇಂಗಿಸಿದ ಪುಣ್ಯದ ಕೆಲಸದಂತೆ ಕಾಣುತ್ತದೆ, ವಾಸ್ತವದಲ್ಲಿ ಅದು ಅಂತರ್ಜಲವನ್ನು ಕೆಡಿಸುತ್ತದೆ. ಆ ನೀರು ತಳಕ್ಕೆ ಹಾಳೆ ಹಾಸಿದ ಕೊಳದಲ್ಲಿ ಬಿಸಿಲಿಗೆ ಆರಬೇಕು. ಇದಕ್ಕಿಂತ ಒಳ್ಳೆಯ ದಾರಿ ನೀರನ್ನೇ ಬಳಸದಿರುವುದು: ಮೃದುವಾದ ಕುಂಚಗಳಿಂದ ಧೂಳು ಒರೆಸುವ ರೋಬೋಟ್‌ಗಳು ಈಗ ದೇಶದ ದೊಡ್ಡ ಘಟಕಗಳಲ್ಲಿ ಬಳಕೆಯಲ್ಲಿವೆ. ನಿಮ್ಮ ಒಪ್ಪಂದದಲ್ಲಿ ಒಂದೇ ಒಂದು ನೀರಿನ ಷರತ್ತು ಹಾಕಲು ಸಾಧ್ಯವಿದ್ದರೆ ಇದನ್ನೇ ಹಾಕಿಸಿ ಎನ್ನುತ್ತೇನೆ. ಹೊಲ ಗುತ್ತಿಗೆಗೆ ಕೊಟ್ಟವರಿಗೆ ಆ ಶಕ್ತಿ ಸಹಿ ಹಾಕುವ ದಿನದವರೆಗೆ ಇರುತ್ತದೆ.

ಫಲಕಗಳ ಕೆಳಗಿನ ನೆಲದ ಬಗ್ಗೆ ಎರಡು ಮಾತು. ಗಾಜಿನ ಮೇಲೆ ಬಿದ್ದ ಮಳೆ ಕೆಳ ಅಂಚಿನಿಂದ ಒಂದೇ ಸಾಲಿನಲ್ಲಿ ಸುರಿಯುತ್ತದೆ. ಕೆಳಗೆ ಹುಲ್ಲಿದ್ದರೆ ಆ ನೀರು ಇಂಗುತ್ತದೆ, ನೆಲವನ್ನು ಬೋಳಿಸಿ ರೋಲರ್ ಹೊಡೆದಿದ್ದರೆ ಮಣ್ಣು ಹೊತ್ತು ಓಡುತ್ತದೆ. ಹಾಗಾಗಿ ಹುಲ್ಲನ್ನು ಕತ್ತರಿಸಬೇಕೇ ಹೊರತು ಕಳೆನಾಶಕ ಹೊಡೆದು ಸುಡಬಾರದು. ಕೆರೆಯ ಮೇಲ್ಭಾಗದಲ್ಲಂತೂ ಕಳೆನಾಶಕವನ್ನು ಪೂರ್ತಿ ನಿಷೇಧಿಸಿ. ಹೊಲಗಳ ನಡುವಿನ ಹಳ್ಳ, ಬದುಗಳನ್ನು ಸಮತಟ್ಟು ಮಾಡುವ ನೆಪದಲ್ಲಿ ಮುಚ್ಚುತ್ತಾರೆ. ಕಂದಾಯ ನಕ್ಷೆಯಲ್ಲಿರುವ ಹಳ್ಳ ಸರ್ಕಾರದ್ದು, ಗುತ್ತಿಗೆ ಕೊಟ್ಟ ರೈತನಿಗಾಗಲೀ ಪಡೆದ ಕಂಪನಿಗಾಗಲೀ ಅದನ್ನು ತಿರುಗಿಸುವ ಹಕ್ಕಿಲ್ಲ. ಒಡೆದ ಫಲಕಗಳು 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ, ಅವನ್ನು ಸೂರಿನ ಕೆಳಗೆ ಇಡಬೇಕು.

ನಿಮ್ಮ ಮಗಳ ಊರಿನ ಸಂಗತಿ ಬೇರೆಯೇ ಜಾತಿಯದು. ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ ತಯಾರಿಸುವ ಸಕ್ಕರೆ ಕಾರ್ಖಾನೆ, ಅದಕ್ಕೆ ಹೊಂದಿಕೊಂಡ ಎಥನಾಲ್ ಘಟಕ, ಇವು ಬಿಳಿ ವರ್ಗದವಲ್ಲ. ಇವೆರಡೂ ದೇಶದ ಅತಿ ಮಾಲಿನ್ಯಕಾರಿ 17 ಉದ್ಯಮ ವರ್ಗಗಳಲ್ಲಿ ಸೇರಿವೆ, ಮಂಡಳಿಯ ಸಮ್ಮತಿ ಬೇಕೇಬೇಕು, ಹೊರಬಿಡುವ ನೀರನ್ನು ಸದಾ ಅಳೆಯುವ ಮಾಪಕಗಳು ಆನ್‌ಲೈನ್‌ನಲ್ಲಿ ಮಂಡಳಿಗೆ ಮಾಹಿತಿ ಕಳಿಸುತ್ತಿರಬೇಕು. 2016ರ ಮಾನದಂಡದಂತೆ ಸಕ್ಕರೆ ಕಾರ್ಖಾನೆ ಹೊರಬಿಡುವ ಒಟ್ಟು ತ್ಯಾಜ್ಯನೀರು ಒಂದು ಟನ್ ಕಬ್ಬಿಗೆ 200 ಲೀಟರ್ ಮೀರಬಾರದು. ಕಾಕಂಬಿಯಿಂದ ಎಥನಾಲ್ ತೆಗೆಯುವಲ್ಲಿ ಒಂದು ಲೀಟರ್ ಎಥನಾಲಿಗೆ ಹತ್ತು ಲೀಟರ್ ಆಸುಪಾಸು ಕಡುಕಂದು ಬಣ್ಣದ ತ್ಯಾಜ್ಯ ಬರುತ್ತದೆ. ಅದು ಹಳ್ಳಕ್ಕೆ ಬಿದ್ದರೆ ನೀರಿನ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತದೆ. ಅದನ್ನು ಗಟ್ಟಿಯಾಗಿಸಿ ಬಾಯ್ಲರಿನಲ್ಲಿ ಸುಡಬೇಕು ಅಥವಾ ಗೊಬ್ಬರಕ್ಕೆ ಸೇರಿಸಬೇಕು, ಹೊರಗೆ ಬಿಡುವಂತಿಲ್ಲ. ಮೆಕ್ಕೆಜೋಳದಿಂದ ತಯಾರಿಸುವ ಘಟಕದ ತ್ಯಾಜ್ಯ ಅಷ್ಟು ಕಡುವಲ್ಲ, ಅದನ್ನು ಒಣಗಿಸಿ ಪಶು ಆಹಾರ ಮಾಡುತ್ತಾರೆ. ಅಲ್ಲಿನವರು ನೋಡಬೇಕಾದದ್ದು ತ್ಯಾಜ್ಯ ಸಂಗ್ರಹಿಸುವ ಕೊಳಗಳ ತಳವನ್ನು ಮತ್ತು ಕೊಳದ ಇಳಿಜಾರಿನ ಕಡೆ ಕೊರೆದಿರುವ ಪರೀಕ್ಷಾ ಬೋರ್‌ವೆಲ್‌ಗಳ ವರದಿಯನ್ನು. ಸಮ್ಮತಿ ಪತ್ರದ ಷರತ್ತುಗಳನ್ನೂ ಆ ವರದಿಗಳನ್ನೂ ಮಾಹಿತಿ ಹಕ್ಕಿನಡಿ ಪಡೆಯಬಹುದು.

ಈಗ ನಿಮ್ಮ ಪ್ರಶ್ನೆಯ ಕೊನೆಯ ಭಾಗ. ಕಂಪನಿ ಸರಿಯಾಗಿ ನಡೆದುಕೊಳ್ಳುತ್ತಿದೆಯೇ ಎಂದು ತಿಳಿಯಬೇಕಾದರೆ, ಅದು ಬರುವ ಮೊದಲು ನಿಮ್ಮ ನೀರು ಹೇಗಿತ್ತೆಂಬ ದಾಖಲೆ ಕೈಯಲ್ಲಿರಬೇಕು. ನಮ್ಮಲ್ಲಿ ಫ್ಲೋರೈಡ್ ಬಂಡೆಯಿಂದಲೇ ಬರುತ್ತದೆ, ನೈಟ್ರೇಟ್ ಗೊಬ್ಬರದಿಂದಲೂ ಕೊಟ್ಟಿಗೆಯಿಂದಲೂ ಬರುತ್ತದೆ, ನೀರಿನ ಮಟ್ಟ ಮಳೆಯಿಲ್ಲದ ವರ್ಷ ತಾನಾಗಿಯೇ ಇಳಿಯುತ್ತದೆ. ಮೊದಲಿನ ಅಂಕಿಯಿಲ್ಲದೆ ಎರಡು ವರ್ಷದ ನಂತರ ದೂರು ಕೊಟ್ಟರೆ, ಇದು ಮೊದಲಿನಿಂದಲೂ ಹೀಗೇ ಇತ್ತು ಎಂಬ ಉತ್ತರಕ್ಕೆ ನಿಮ್ಮ ಬಳಿ ಮರುಮಾತು ಇರುವುದಿಲ್ಲ. ಸೋಲಾರ್ ಕೆಲಸ ಶುರುವಾಗುವುದರೊಳಗೆ ಕೆರೆ, ಗುಡ್ಡದ ಬುಡದ ಬಾವಿ, ಘಟಕದ ಮೇಲ್ಗಡೆಯ ಒಂದು ಮತ್ತು ಕೆಳಗಡೆಯ ಎರಡು ಬೋರ್‌ವೆಲ್‌ಗಳ ನೀರನ್ನು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಪಂಪನ್ನು ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೆ, ಅದೇ ನೀರಿನಲ್ಲಿ ಸೀಸೆಯನ್ನು ತೊಳೆದು ಹಿಡಿಯಬೇಕು. ಫ್ಲೋರೈಡ್ ಪರೀಕ್ಷೆಗೆ ಪ್ಲಾಸ್ಟಿಕ್ ಸೀಸೆ, ಎಣ್ಣೆಯ ಪರೀಕ್ಷೆಗೆ ಗಾಜಿನ ಸೀಸೆ. ಮಟ್ಟ ಅಳೆಯಲು ರಾತ್ರಿಯಿಡೀ ಪಂಪು ನಿಂತಿದ್ದ ಬೋರ್‌ವೆಲ್ಲಿನಲ್ಲಿ ಬೆಳಗ್ಗೆ ತೂಕ ಕಟ್ಟಿದ ಟೇಪು ಬಿಡಿ. ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಪ್ರತಿ ವರ್ಷ. ಮಾದರಿ ತೆಗೆಯುವಾಗ ಕಂಪನಿಯ ಒಬ್ಬರನ್ನೂ ಪಿಡಿಒ ಅವರನ್ನೂ ಕರೆದು ಸಹಿ ಹಾಕಿಸಿಕೊಂಡರೆ ಆ ದಾಖಲೆಯನ್ನು ಮುಂದೆ ಯಾರೂ ಅಲ್ಲಗಳೆಯಲಾರರು. ಒಳ್ಳೆಯ ಕಂಪನಿ ಈ ಖರ್ಚನ್ನು ತಾನೇ ಕೊಡುತ್ತದೆ, ಏಕೆಂದರೆ ಸುಳ್ಳು ಆರೋಪದಿಂದ ಅದನ್ನು ಕಾಯುವುದೂ ಇದೇ ದಾಖಲೆ.

ಕಾನೂನಿನಲ್ಲಿ ಎರಡು ಹಿಡಿಗಳನ್ನು ನೆನಪಿಡಿ. ಬಿಳಿ ವರ್ಗಕ್ಕೆ ಸಮ್ಮತಿಯ ವಿನಾಯಿತಿ ಇದೆಯೇ ಹೊರತು ನೀರು ಕೆಡಿಸಲು ವಿನಾಯಿತಿಯಿಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಸೆಕ್ಷನ್ ಹಳ್ಳಕ್ಕೋ ಬಾವಿಗೋ ಮಾಲಿನ್ಯಕಾರಿ ವಸ್ತು ಬಿಡುವುದನ್ನು ಎಲ್ಲರಿಗೂ ನಿಷೇಧಿಸಿದೆ. ಎರಡನೆಯದು 2011ರ ಕರ್ನಾಟಕ ಅಂತರ್ಜಲ ಅಧಿನಿಯಮ. ಅಧಿಸೂಚಿತ ಪ್ರದೇಶದಲ್ಲಿ ಬೋರ್‌ವೆಲ್ ಕೊರೆಯಲು ಕಂಪನಿಗೂ ಅನುಮತಿ ಬೇಕು. ಟ್ಯಾಂಕರ್ ನೀರು ತರಿಸುತ್ತೇವೆ ಎಂದರೆ ಆ ಟ್ಯಾಂಕರ್ ಯಾವ ಬೋರ್‌ವೆಲ್ಲಿನಲ್ಲಿ ತುಂಬುತ್ತದೆ ಎಂದು ಬರೆದು ಕೊಡುವಂತೆ ಗ್ರಾಮಸಭೆಯಲ್ಲಿ ಕೇಳಿ. ಪಕ್ಕದ ಊರಿನ ಕೆರೆಯ ಕೆಳಗಿನದ್ದಾದರೆ ಅದೂ ನಿಮ್ಮ ಸುತ್ತಲಿನ ಅಂತರ್ಜಲವೇ.

ಸದ್ಯಕ್ಕೆ ನಿಮಗಿರುವ ತುರ್ತು ಗುಡ್ಡದ ರಸ್ತೆ. ಊರಿನ ನಾಲ್ಕು ಜನ ಹಳ್ಳದ ಗುಂಟ ಮೇಲಕ್ಕೆ ನಡೆದು, ರಸ್ತೆ ಹಳ್ಳವನ್ನು ದಾಟುವ ಪ್ರತಿ ಜಾಗದಲ್ಲೂ ಮೋರಿಯಿದೆಯೇ, ಮಣ್ಣಿನ ರಾಶಿ ಎಲ್ಲಿದೆ ಎಂದು ದಿನಾಂಕ ಬರುವಂತೆ ಫೋಟೊ ತೆಗೆಯಿರಿ. ಕೆರೆಯ ಅಂಗಳದಲ್ಲಿ ನೀರು ಒಳಬರುವ ಕಡೆ ಒಂದು ಕಲ್ಲುಕಂಬ ನೆಟ್ಟು ನೆಲದ ಮಟ್ಟಕ್ಕೆ ಬಣ್ಣದ ಗುರುತು ಹಾಕಿ, ಪ್ರತಿ ದೊಡ್ಡ ಮಳೆಯ ನಂತರ ಹೂಳು ಎಷ್ಟು ಏರಿತೆಂದು ಬರೆದಿಡಿ. ಫೋಟೊಗಳ ಜೊತೆ ಒಂದು ಅರ್ಜಿಯನ್ನು ಗ್ರಾಮ ಪಂಚಾಯಿತಿಗೂ ತಹಶೀಲ್ದಾರರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ, ಗುಡ್ಡ ಅರಣ್ಯದ್ದಾದರೆ ವಲಯ ಅರಣ್ಯಾಧಿಕಾರಿಗೂ ಕೊಡಿ. ಹಿಂಗಾರು ಮಳೆಗೆ ಮೊದಲು ಕಲ್ಲಿನ ತಡೆಗಳನ್ನೂ ಹೂಳುಗುಂಡಿಯನ್ನೂ ಕಟ್ಟಿ ಮುಗಿಸಬೇಕೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.